ಕುಚ್ಚು ಕಟ್ಟಿದ ಜೋಳಿಗೆ

ಈಚೆಗೆ ನನಗೊಂದು ಚಟ ಅಂಟಿಕೊಂಡಿದೆ. ಮೇಲಿನಿಂದ ಏನೇ ನೇತಾಡುತ್ತಿರಲಿ, ಅದನ್ನು ಎರಡು ಸಲ ಜಗ್ಗಿ ನೋಡದಿದ್ದರೆ ನನಗೆ ಸಮಾಧಾನವಿಲ್ಲ. ಬಟ್ಟೆ ಒಣಹಾಕುವ ತಂತಿ, ನೆಂಟರ ಮನೆಯ ತೂಗುಮಂಚದ ಸರಪಳಿ, ಮದುವೆ ಮಂಟಪದ ಪರದೆ, ಎಲ್ಲದರ ಕಡೆಗೂ ಕೈ ತಾನಾಗಿಯೇ ಹೋಗುತ್ತದೆ. ಮೊನ್ನೆ ಹರಿಹರದ ಬಸ್ಸಿನಲ್ಲಿ ತಲೆಯ ಮೇಲಿನ ಹಿಡಿಕೆಯನ್ನು ಹೀಗೇ ಜಗ್ಗಿದೆ. ಕಂಡಕ್ಟರ್ ಟಿಕೆಟ್ ಕೊಡುವುದನ್ನು ನಿಲ್ಲಿಸಿ, "ಯಾಕ್ರೀ ಅಮ್ಮಾರೆ, ಕಿತ್ಕೊಂಡು ಮನಿಗೆ ಒಯ್ಯಾಕೇನು?" ಎಂದ.

"ಇಲ್ಲಪ್ಪಾ, ನನ್ನ ಭಾರ ತಡೀತೈತೋ ಇಲ್ಲೋ ಅಂತ ನೋಡಿದೆ" ಎಂದೆ.

ಅವನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಅಳೆದು, "ಬಸ್ಸೇ ತಡೀತೈತೆ, ಕೂಡ್ರಿ" ಎಂದು ಮುಂದೆ ಹೋದ. ಕೂತೆ. ಆದರೆ ಆ ಹಿಡಿಕೆ ಸ್ವಲ್ಪ ಸಡಿಲವಾಗಿತ್ತು ಎನ್ನುವುದನ್ನು ಇಲ್ಲಿ ದಾಖಲಿಸುತ್ತೇನೆ.

ವಿಷಯವನ್ನು ನೇರವಾಗಿ ಹೇಳಿಬಿಡುವುದು ಒಳ್ಳೆಯದು. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಸರ್ಕಸ್ ಕಲಿಯಲು ಸೇರಿದ್ದೇನೆ. ಆನೆ, ಜೋಕರ್, ಬೆಂಕಿಯ ಬಳೆ ಇರುವ ಸರ್ಕಸ್ ಎಂದು ಗಾಬರಿಯಾಗಬೇಡಿ. ಎತ್ತರದ ತೊಲೆಯಿಂದ ಉದ್ದನೆಯ ಒಂದು ಬಟ್ಟೆ ಇಳಿಬಿಟ್ಟಿರುತ್ತಾರೆ. ಅದನ್ನು ಹಿಡಿದು ಹತ್ತಬೇಕು, ಕಾಲಿಗೆ ಸುತ್ತಿಕೊಂಡು ನಿಲ್ಲಬೇಕು, ತಲೆಕೆಳಗಾಗಿ ತೂಗಬೇಕು. ಹತ್ತುವ ಅನುಭವ ನನಗೆ ಇಲ್ಲವೆಂದಲ್ಲ. ಸ್ಟೂಲು ಹತ್ತಿ ಜೇಡರ ಬಲೆ ತೆಗೆದಿದ್ದೇನೆ, ಅಟ್ಟ ಹತ್ತಿ ಹಪ್ಪಳದ ಡಬ್ಬ ಇಳಿಸಿದ್ದೇನೆ. ಅವೆರಡರಲ್ಲೂ ಇಳಿಯುವಾಗ ಯಾರಾದರೂ ಬಂದು ಸ್ಟೂಲು ಹಿಡಿದುಕೊಳ್ಳಬೇಕಿತ್ತು, ಅಷ್ಟೇ.

ನಮ್ಮ ಮನೆಯವರು ಕರೆಂಟ್ ಆಫೀಸಿನಲ್ಲಿ ಕೆಲಸ ಮಾಡುವವರು. ಎತ್ತರಕ್ಕೆ ಹತ್ತುವ ಮಾತನ್ನು ಅವರು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ನಾನು ಸುದ್ದಿ ಹೇಳಿದಾಗ ಪೇಪರು ಮಡಚಿಟ್ಟು ಕೇಳಿದರು.

"ನಮ್ಮ ಲೈನ್‌ಮನ್ನುಗಳು ಕಂಬ ಹತ್ತಬೇಕಾದ್ರೆ ಬೆಲ್ಟ್ ಹಾಕ್ಕೊಂತಾರೆ. ನೀನೇನು ಹಾಕ್ಕೊಂತೀ?"

"ಸೀರೆ ಇದ್ದಂಗ ಒಂದು ಬಟ್ಟೆ ಇರ್ತೈತ್ರಿ."

"ಅದು ಉಡೋದೋ, ಹತ್ತೋದೋ?"

ಈ ಪ್ರಶ್ನೆ ಅವರಿಗಿಂತ ಮೊದಲು ನನ್ನನ್ನೇ ಕಾಡಿತ್ತು. ನಿಜ ಹೇಳಬೇಕೆಂದರೆ ನಾನು ಈ ಸರ್ಕಸ್ಸಿಗೆ ಸೇರಿದ್ದೇ ಆ ಗೊಂದಲದಿಂದ.

ಸರಸ್ವತಿ ನಗರದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಬ್ಲೌಸು ಹೊಲಿಯುತ್ತೇನೆ, ಸೀರೆಗೆ ಫಾಲ್ ಹಾಕುತ್ತೇನೆ, ಸೆರಗಿಗೆ ಕುಚ್ಚು ಕಟ್ಟುತ್ತೇನೆ. ಕುಚ್ಚಿನಲ್ಲಿ ನನ್ನ ಕೈ ಚೆನ್ನಾಗಿದೆ ಎಂದು ಎಸ್.ಎಸ್. ಬಡಾವಣೆಯಿಂದಲೂ ಹುಡುಕಿಕೊಂಡು ಬರುತ್ತಾರೆ. ಒಂದು ದಿನ ಇಪ್ಪತ್ತೆಂಟು ಮೂವತ್ತು ವರ್ಷದ ಹುಡುಗಿಯೊಬ್ಬಳು ಸ್ಕೂಟಿಯಲ್ಲಿ ಬಂದು, ನವಿಲು ಬಣ್ಣದ ಬಟ್ಟೆಯ ಒಂದು ದೊಡ್ಡ ಗಂಟನ್ನು ಕಟ್ಟೆಯ ಮೇಲಿಟ್ಟಳು. ಹೆಸರು ರೇಷ್ಮಾ. "ಆಂಟಿ, ಎರಡೂ ತುದಿ ನೂಲು ಬಿಡದಂಗ ಮಾಡಿಕೊಡ್ರಿ, ಚೆಂದ ಇರ್ಲಿ" ಎಂದಳು. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು, ಮಾತಾಡುತ್ತಲೇ ಹೊರಟುಹೋದಳು.

ಗಂಟು ಬಿಚ್ಚಿದೆ. ಬಿಚ್ಚಿದೆ, ಬಿಚ್ಚಿದೆ, ಬಟ್ಟೆ ಮುಗಿಯಲೇ ಇಲ್ಲ. ಕೋಣೆಯಿಂದ ನಡುಮನೆ, ನಡುಮನೆಯಿಂದ ಅಡುಗೆಮನೆ, ಅಲ್ಲಿಂದ ಹಿತ್ತಲ ಬಾಗಿಲವರೆಗೂ ಹಾಸಿಕೊಂಡು ಹೋಯಿತು. ಇಷ್ಟುದ್ದದ ಸೀರೆಯನ್ನು ಮನುಷ್ಯರು ಉಡಲು ಸಾಧ್ಯವಿಲ್ಲ. ಯಾವುದೋ ದೊಡ್ಡ ಅಮ್ಮನವರ ಮೂರ್ತಿಗೆ ಹರಕೆಯ ಸೀರೆ ಇರಬೇಕು ಎಂದುಕೊಂಡೆ. ಹುಡುಗಿಯ ಹೆಸರು ರೇಷ್ಮಾ ಅಲ್ಲವೇ ಎಂದು ಒಳಮನಸ್ಸು ಕೇಳಿತು. ಕೇಳಿದರೇನು, ನಮ್ಮೂರಿನಲ್ಲಿ ಹರಕೆಗೆ ಜಾತಿ ಯಾರು ಕೇಳುತ್ತಾರೆ ಎಂದು ನಾನೇ ಅದರ ಬಾಯಿ ಮುಚ್ಚಿಸಿದೆ. ತುದಿ ಚೆಂದ ಮಾಡು ಎಂದು ನಮ್ಮ ಕಡೆ ಯಾರಾದರೂ ಹೇಳಿದರೆ ಅದಕ್ಕೆ ಒಂದೇ ಅರ್ಥ. ಮೂರು ದಿನ ಕೂತು ಎರಡೂ ತುದಿಗೆ ನೀಲಿ ಮತ್ತು ಬಂಗಾರದ ಬಣ್ಣದ ದಾರದಲ್ಲಿ ಒತ್ತೊತ್ತಾಗಿ ಕುಚ್ಚು ಕಟ್ಟಿದೆ. ದೇವರ ಕೆಲಸವೆಂದು ಕುಚ್ಚಿಗೊಂದರಂತೆ ಮಣಿಯನ್ನೂ ಪೋಣಿಸಿದೆ.

ರೇಷ್ಮಾ ಬಂದು ನೋಡಿದಳು. ಒಂದು ತುದಿ ಹಿಡಿದಳು, ಇನ್ನೊಂದು ತುದಿ ಹಿಡಿದಳು. ಆಮೇಲೆ ನಗಲು ಶುರು ಮಾಡಿದವಳು ನೆಲದ ಮೇಲೆಯೇ ಕೂತುಬಿಟ್ಟಳು.

"ಆಂಟೀ, ಇದನ್ನ ಹತ್ತಾರ‍್ರೀ."

"ಏನು?"

"ಹತ್ತಾರೆ. ಮ್ಯಾಕೆ." ಅವಳು ನನ್ನ ಕೋಣೆಯ ಸೂರಿನ ಕಡೆ ಬೆರಳು ತೋರಿಸಿದಳು.

ಫೋನಿನಲ್ಲಿ ಅವಳದೇ ವಿಡಿಯೋ ತೋರಿಸಿದಳು. ಇಂಥದೇ ಬಟ್ಟೆಯನ್ನು ಸೊಂಟಕ್ಕೆ ಸುತ್ತಿಕೊಂಡು ಸೂರಿನ ಹತ್ತಿರದಿಂದ ಗಿರಗಿರನೆ ಉರುಳಿ ಬಂದು ನೆಲಕ್ಕೆ ಒಂದು ಮೊಳ ಇರುವಾಗ ನಿಂತಳು. ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಕುಚ್ಚನ್ನೆಲ್ಲ ಬಿಚ್ಚಿಕೊಡುತ್ತೇನೆ ಎಂದರೆ ಬೇಡವೆಂದಳು. "ಮಣಿ ಅಷ್ಟು ತೆಗೀರಿ, ಚುಚ್ತಾವೆ. ಕುಚ್ಚು ಇರ‍್ಲಿ. ಕುಚ್ಚು ಇರೋದು ಇಡೀ ದೇಶದಾಗೆ ನಮ್ದೊಂದೇ ಆಗ್ತೈತೆ. ಎಲ್ಲಿ ಕಟ್ತೀವಿ ಅಂತ ನೀವೇ ಬಂದು ನೋಡ್ರಿ."

ನೋಡಿ ಬರೋಣವೆಂದು ಹೋದವಳು ನಾನು. ಇಷ್ಟೇ ನನ್ನ ಅಪರಾಧ.

ರೇಷ್ಮಾಳ ತಾಯಿಯ ತಂದೆ ಊರೂರು ತಿರುಗುವ ಸರ್ಕಸ್ಸೊಂದರಲ್ಲಿ ಡೇರೆಯ ಹಗ್ಗ ಕಟ್ಟುತ್ತಿದ್ದರಂತೆ. ಹರಿಹರದಲ್ಲಿ ಡೇರೆ ಹಾಕಿದ್ದಾಗ ಅಲ್ಲಿಯ ನೀರು ಹಿಡಿಸಿ ಅಲ್ಲಿಯೇ ನಿಂತರು. ಮೊಮ್ಮಗಳು ಪುಣೆಗೆ ಓದಲು ಹೋದವಳು ಓದಿನ ಜೊತೆ ಇದನ್ನೂ ಕಲಿತು ಬಂದಳು. ಹರಿಹರದಲ್ಲಿ ಅವಳ ಸೋದರಮಾವನ ಹಳೆಯ ಅಕ್ಕಿ ಗೋದಾಮು ಖಾಲಿ ಬಿದ್ದಿತ್ತು. ಎತ್ತರದ ಸೂರು, ಕಬ್ಬಿಣದ ತೊಲೆ. ಮೂಟೆಗಳು ಹೋಗಿ ಎಷ್ಟೋ ವರ್ಷವಾದರೂ ಒಳಗೆ ಕಾಲಿಟ್ಟರೆ ಈಗಲೂ ತೌಡಿನ ವಾಸನೆ. ಭಾನುವಾರ ಬೆಳಿಗ್ಗೆ ಅಲ್ಲಿ ತರಗತಿ. ಐದು ಜನ ಹುಡುಗಿಯರು, ಎಲ್ಲರೂ ಹೈಸ್ಕೂಲು, ಕಾಲೇಜಿನವರು.

ನಾನು ಕುಚ್ಚು ಕಟ್ಟಿದ ಬಟ್ಟೆ ಅಲ್ಲಿ ತೊಲೆಯಿಂದ ಎರಡು ಪದರವಾಗಿ ಇಳಿದಿತ್ತು. ಹೊಸಬರಿಗೆಂದು ಕೆಳಗೆ ಸೊಂಟದ ಎತ್ತರದಲ್ಲಿ ಎರಡೂ ಪದರ ಸೇರಿಸಿ ಗಂಟು ಹಾಕಿದ್ದರು. ಗಂಟಿನ ಕೆಳಗೆ ನನ್ನ ಕುಚ್ಚುಗಳು ತೂಗುತ್ತಿದ್ದವು. "ಅಯ್ಯ, ಇದು ಜೋಳಿಗೆ!" ಎಂದೆ. ಲೋಕಿಕೆರೆಯ ನಮ್ಮ ತವರುಮನೆಯಲ್ಲಿ ಅವ್ವನ ಹಳೆಯ ಸೀರೆಯನ್ನು ಜಂತಿಗೆ ಕಟ್ಟಿ ಕೂಸು ಮಲಗಿಸುತ್ತಿದ್ದದ್ದು ಇಂಥದರಲ್ಲೇ. ಅಕ್ಕ ಮಲಗಿದ್ದು, ನಾನು ಮಲಗಿದ್ದು, ತಮ್ಮ ಮಲಗಿದ್ದು ಎಲ್ಲ ಅದರಲ್ಲೇ. ಅಂದರೆ ಈ ವಿದ್ಯೆಯಲ್ಲಿ ನಾನು ತೀರ ಹೊಸಬಳೇನೂ ಅಲ್ಲ, ನಡುವೆ ಸ್ವಲ್ಪ ಅಭ್ಯಾಸ ತಪ್ಪಿತ್ತು.

ಅಲ್ಲಿ ಒಂದು ನಿಯಮವಿದೆ. ಯಾರೂ ಹತ್ತುವ ಮೊದಲು ಆ ಜೋಳಿಗೆಗೆ, ಅದಕ್ಕೆಂದೇ ತಂದಿಟ್ಟುಕೊಂಡ ಎರಡು ಅಕ್ಕಿ ಮೂಟೆ ಹೇರಿ ಜಗ್ಗಿ ನೋಡುತ್ತಾರೆ. ನನಗೆ ತೊಟ್ಟಿಲ ಶಾಸ್ತ್ರ ನೆನಪಾಯಿತು. ಕೂಸನ್ನು ಹಾಕುವ ಮೊದಲು ಗುಂಡುಕಲ್ಲಿಗೆ ಕುಲಾವಿ ತೊಡಿಸಿ ತೊಟ್ಟಿಲಲ್ಲಿ ಮಲಗಿಸುವುದಿಲ್ಲವೇ, ಹಾಗೆ. "ಮೊದ್ಲು ಅಕ್ಕಿ, ಆಮೇಲೆ ಆಂಟಿ" ಎಂದಳು ರೇಷ್ಮಾ. ಕೂತೆ. ನೆಲದಿಂದ ಕಾಲು ಒಂದು ಗೇಣು ಮೇಲೆದ್ದಿತು. ಆ ಗೇಣಿನಲ್ಲಿ ಏನಾಯಿತೋ ಹೇಳಲಾರೆ. ಇಳಿಯುವ ಹೊತ್ತಿಗೆ ಮುಂದಿನ ಭಾನುವಾರ ಎಷ್ಟು ಗಂಟೆಗೆ ಬರಬೇಕೆಂದು ಕೇಳುತ್ತಿದ್ದೆ.

ಅರ್ಧ ಊರಿನ ಹೆಂಗಸರ ಸೊಂಟ ಅಳೆದ ನಾನು ಆ ವಾರ ಮೊದಲ ಸಲ ಬಾಗಿಲು ಹಾಕಿಕೊಂಡು ನನ್ನ ಸೊಂಟ ಅಳೆದೆ. ಟೇಪಿನಲ್ಲಿ ದೋಷವಿರಬಹುದೆಂದು ಇನ್ನೊಂದು ಟೇಪು ತಂದೆ. ಎರಡೂ ಒಂದಾಗಿ ಸುಳ್ಳು ಹೇಳಿದವು. ಮೆತ್ತನೆಯ ಬಟ್ಟೆಯಲ್ಲಿ ಎರಡು ಪ್ಯಾಂಟು ಹೊಲಿದುಕೊಂಡೆ. ಮೇಲೆ ನಮ್ಮ ಮನೆಯವರ ಆಫೀಸಿನ ಕ್ರೀಡಾಕೂಟದ ಟಿ-ಶರ್ಟು. ಅದರ ಬೆನ್ನ ಮೇಲೆ "ಅಪಾಯ, ದೂರವಿರಿ" ಎಂದು ಬರೆದಿದೆ. ಜೋಳಿಗೆ ಹತ್ತುವಾಗ ಬಹಳ ಉಪಯೋಗಕ್ಕೆ ಬಂತು.

ಹರಿಹರದ ದೇವರು ಅರ್ಧ ಹರಿ, ಅರ್ಧ ಹರ. ಆ ಊರಿನಲ್ಲಿ ನನ್ನ ಮೈ ಕೂಡ ಹಾಗೇ ಎರಡು ಪಾಲಾಯಿತು. ಸೊಂಟದಿಂದ ಮೇಲಿನದು ರೇಷ್ಮಾ ಹೇಳಿದ್ದನ್ನು ಕೇಳುತ್ತಿತ್ತು, ಕೆಳಗಿನದು ತನ್ನದೇ ದಾರಿ ಹಿಡಿಯುತ್ತಿತ್ತು. ಬಟ್ಟೆಯನ್ನು ಕಾಲಿಗೆ ಹೊರಗಿನಿಂದ ಸುತ್ತಿಕೊಳ್ಳಬೇಕು ಎಂದರೆ ಒಳಗಿನಿಂದ ಸುತ್ತಿ ನನ್ನನ್ನೇ ನಾನು ಕಟ್ಟಿಹಾಕಿಕೊಂಡೆ. ಬಿಡಿಸಲು ಮೂರು ಜನ ಬೇಕಾದರು. ಮೊಣಕಾಲ ಹಿಂದೆ, ತೋಳಿನ ಒಳಗೆ ನೀಲಿ ಹಸಿರು ಗುರುತುಗಳು ಬಿದ್ದವು. ಒಂದು ಭಾನುವಾರ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮಿರ್ಚಿ ತಿಂದು ಹೋಗಿ ತಲೆಕೆಳಗಾಗಲು ನೋಡಿದ್ದೆ. ಆ ಬೆಳಗಿನ ವಿವರ ಬೇಡ. ಅಂದಿನಿಂದ ಮಿರ್ಚಿ ತರಗತಿಯ ನಂತರ ಎಂದು ಗೋದಾಮಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾರೆ.

ನನ್ನ ಕಡೆಯಿಂದಲೂ ಅಲ್ಲಿಗೊಂದು ನಿಯಮ ಸೇರಿತು. ಒಂದು ಸಲ ಬಿಡುವಿನಲ್ಲಿ ಹುಡುಗಿಯರಿಬ್ಬರು ಮಾತಾಡುತ್ತ ಖಾಲಿ ಜೋಳಿಗೆಯನ್ನು ಸುಮ್ಮನೆ ಆಚೆ ಈಚೆ ತಳ್ಳುತ್ತಿದ್ದರು. ನಾನು ನೀರು ಕುಡಿಯುತ್ತಿದ್ದವಳು ಬಾಟಲಿ ಬಿಟ್ಟು ಓಡಿದೆ.

"ಏಯ್, ಖಾಲಿ ತೂಗಬ್ಯಾಡ್ರೇ! ಖಾಲಿ ತೊಟ್ಟಿಲು ತೂಗಬಾರ‍್ದು, ಕೂಸಿಗೆ ಹೊಟ್ಟೆ ನೋವು ಬರ‍್ತೈತೆ!"

"ಯಾವ ಕೂಸಿಗೆ ಆಂಟಿ?" ಎಂದು ಅವರಲ್ಲೊಬ್ಬಳು ಸುತ್ತ ನೋಡಿದಳು.

ಅದು ಸರಿಯಾದ ಪ್ರಶ್ನೆಯೇ. ಆದರೆ ರೇಷ್ಮಾ ನಗಲಿಲ್ಲ. "ನಮ್ಮ ನಾನೀನೂ ಹಿಂಗೇ ಅಂತಿದ್ರು" ಎಂದು ತನ್ನ ಅಜ್ಜಿಯನ್ನು ನೆನೆದು ಜೋಳಿಗೆಯನ್ನು ಹಿಡಿದು ನಿಲ್ಲಿಸಿದಳು. ಅಲ್ಲಿಂದೀಚೆಗೆ ನಮ್ಮ ಗೋದಾಮಿನಲ್ಲಿ ಖಾಲಿ ಜೋಳಿಗೆ ತೂಗುವುದಿಲ್ಲ. ತೂಗಿದರೆ, ಯಾರು ಹತ್ತಿರವಿರುತ್ತಾರೋ ಅವರು ಹೋಗಿ ಕೂತುಬಿಡಬೇಕು.

ಇಷ್ಟೆಲ್ಲ ಕಲಿತರೂ ಒಂದು ಮಾತ್ರ ನನ್ನಿಂದ ಆಗಲಿಲ್ಲ. ಜೋಳಿಗೆಯಲ್ಲಿ ಕೂತು, ಹಿಂದಕ್ಕೆ ಬಾಗಿ, ಕಾಲುಗಳನ್ನು ಮೇಲೆ ಬಟ್ಟೆಗೆ ಸಿಕ್ಕಿಸಿ ತಲೆಕೆಳಗಾದ ಮೇಲೆ ಎರಡೂ ಕೈ ಬಿಡಬೇಕು. ಹತ್ತು ವರ್ಷದ ಮಕ್ಕಳೂ ಮಾಡುತ್ತವಂತೆ. ಬಟ್ಟೆ ಸೊಂಟವನ್ನು ಹಿಡಿದಿರುತ್ತದೆ, ಬೀಳುವುದಿಲ್ಲ, ಕೆಳಗೆ ದಪ್ಪನೆಯ ಹಾಸಿಗೆ ಬೇರೆ. ಎಲ್ಲ ಗೊತ್ತು. ಆದರೂ "ಕೈ ಬಿಡ್ರಿ ಆಂಟಿ" ಎಂದ ಕೂಡಲೇ ನನ್ನ ಮುಷ್ಟಿ ಇನ್ನೂ ಬಿಗಿಯಾಗುತ್ತಿತ್ತು.

ನೀವೇ ಹೇಳಿ, ನಮ್ಮ ಭಾಷೆಯಲ್ಲಿ ಕೈ ಬಿಡುವುದು ಒಳ್ಳೆಯ ಮಾತೇ? ಮಳೆ ಕೈಬಿಟ್ಟಿತು ಎನ್ನುತ್ತೇವೆ, ಡಾಕ್ಟರು ಕೈಬಿಟ್ಟರು ಎನ್ನುತ್ತೇವೆ. ದೇವರ ಮುಂದೆ ನಿಂತರೆ ಮೊದಲು ಬರುವ ಮಾತೇ ಕೈಬಿಡಬೇಡಪ್ಪಾ ಎನ್ನುವುದು. ಹುಟ್ಟಿದಾಗಿನಿಂದ ಇದನ್ನೇ ಕೇಳಿಕೊಂಡು ಬೆಳೆದವಳಿಗೆ ಈಗ ನಗುತ್ತ ಕೈಬಿಡು ಎಂದರೆ ಹೇಗೆ? ಹೀಗೆಂದು ರೇಷ್ಮಾಗೆ ತಲೆಕೆಳಗಾಗಿಯೇ ಒಂದು ಭಾಷಣ ಮಾಡಿದೆ. ಅವಳು ಪೂರ್ತಿ ಕೇಳಿ, "ಭಾಷಣ ಚೊಲೋ ಐತೆ. ಈಗ ಬಿಡ್ರಿ" ಎಂದಳು.

ಭಾಷಣ ನೆಪ. ನಿಜವಾದ ಕಾರಣ ಬೇರೆ ಇತ್ತು. ಅದನ್ನು ಅವಳಿಗೂ ಹೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ.

ನಾಗರ ಪಂಚಮಿ ಬಂತೆಂದರೆ ಲೋಕಿಕೆರೆಯಲ್ಲಿ ಮನೆಮನೆಗೂ ಜೋಕಾಲಿ. ನಮ್ಮ ಮನೆಯ ಮುಂದಿನ ಬೇವಿನ ಮರಕ್ಕೆ ಅಪ್ಪ ಗಾಡಿ ಹಗ್ಗ ಕಟ್ಟಿ, ಕಾಲಿಡಲು ಒಂದು ಮಣೆ ಸಿಕ್ಕಿಸುತ್ತಿದ್ದ. ಅವ್ವ ಡಬ್ಬದ ತುಂಬ ಉಂಡಿ ಕಟ್ಟುತ್ತಿದ್ದಳು. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು. ಜೋಕಾಲಿಗೆ ಬರುವವರಲ್ಲಿ ಎರಡು ಬಗೆ. ತೂಗಿಸಿಕೊಳ್ಳುವವರು ಒಂದು ಬಗೆ, ಅವರು ಕೂತಿರುತ್ತಾರೆ, ಹಿಂದಿನಿಂದ ಯಾರಾದರೂ ತಳ್ಳಬೇಕು. ಜೀಕುವವರು ಇನ್ನೊಂದು ಬಗೆ. ಅವರಿಗೆ ಯಾರೂ ಬೇಡ. ಮಣೆಯ ಮೇಲೆ ನಿಂತು, ಮೊಣಕಾಲು ಮಡಚಿ, ಸೊಂಟ ಮುಂದೆ ಮಾಡಿ, ತಮ್ಮ ಬಲದಿಂದಲೇ ಮೇಲೇರುತ್ತಾರೆ. ನಾನು ಹುಟ್ಟಾ ತೂಗಿಸಿಕೊಳ್ಳುವವಳು. ನನಗಿಂತ ಮೂರು ವರ್ಷ ದೊಡ್ಡವಳಾದ ಗಿರಿಜಕ್ಕ ಜೀಕುವವಳು. ಅವಳು ಜೀಕಿದರೆ ಬೇವಿನ ಎಲೆ ಕಾಲಿಗೆ ತಾಗುತ್ತಿತ್ತು. ಓಣಿಯ ಹೆಂಗಸರು ಮೊರ ಹಿಡಿದುಕೊಂಡು ಹೊರಗೆ ಬಂದು ನೋಡುತ್ತಿದ್ದರು.

ನನಗೆ ಒಂಬತ್ತು ವರ್ಷವಿದ್ದಾಗ ಒಂದು ಪಂಚಮಿಗೆ, "ಬಾರೇ ಸುಮಿ, ಜೋಡಿ ಜೀಕಾಣ" ಎಂದು ಗಿರಿಜಕ್ಕ ನನ್ನನ್ನು ಮಣೆಯ ಮೇಲೆ ಎದುರಿಗೆ ನಿಲ್ಲಿಸಿಕೊಂಡಳು. ಮೊದಮೊದಲು ಚೆನ್ನಾಗಿಯೇ ಇತ್ತು. ಆಮೇಲೆ ಅಂಗಳ ದೂರವಾಯಿತು, ಮನೆಯ ಮಾಳಿಗೆ ಕಂಡಿತು, ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ಕಂಡಿತು. ನನಗೆ ಜೀವ ಹಾರಿಹೋಯಿತು. ನಾನು ಹಗ್ಗ ಬಿಟ್ಟು ಅಕ್ಕನ ಬಲಗೈಯನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದೆ. ಇಬ್ಬರೂ ಬಿದ್ದೆವು. ಅವಳು ಕೆಳಗೆ, ನಾನು ಅವಳ ಮೇಲೆ. ನನಗೆ ಒಂದು ತರಚು ಗಾಯವೂ ಆಗಲಿಲ್ಲ. ನನ್ನ ಲಂಗದ ಜೇಬಿನಲ್ಲಿದ್ದ ಶೇಂಗಾ ಉಂಡಿ ಕೂಡ ಒಡೆದಿರಲಿಲ್ಲ.

ಅಪ್ಪ ಓಡಿಬಂದ, ಅವ್ವ ಓಡಿಬಂದಳು. "ಹೆಂಗ್ ಬಿದ್ರೇ?" ಎಂದು ಕೇಳಿದರು. ಗಿರಿಜಕ್ಕ ಮಣಿಕಟ್ಟು ಹಿಡಿದುಕೊಂಡು ಅಳುತ್ತ, "ನಂದೇ ಕಾಲು ಜಾರ‍್ತವ್ವಾ" ಎಂದಳು. ನಾನು ಬಾಯಿ ಬಿಡಲಿಲ್ಲ. ಆ ಉಂಡಿಯನ್ನು ಏನು ಮಾಡಿದೆ ಎಂದು ಕೇಳಬೇಡಿ. ಸಂಜೆ ತಿಂದೆ.

ನಾಟಿ ವೈದ್ಯರೊಬ್ಬರು ಬಂದು ಬಿದಿರಿನ ದಬ್ಬೆ ಇಟ್ಟು ಕಟ್ಟಿದರು. ಮೂಳೆ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಅಪ್ಪ ಹಗ್ಗ ಬಿಚ್ಚಿ ಗಾಡಿಗೆ ಹಾಕಿದ, ಮತ್ತೆಂದೂ ಮರಕ್ಕೆ ಕಟ್ಟಲಿಲ್ಲ. ಪಕ್ಕದ ಮನೆಯ ಜೋಕಾಲಿಗೂ ಗಿರಿಜಕ್ಕ ಹೋಗಲಿಲ್ಲ. ಅವಳ ಮದುವೆಯಲ್ಲಿ ಬಲಗೈಗೆ ಬಳೆ ಏರಿಸಲು ಬಳೆಗಾರರು ಸೋಪು ಹಚ್ಚಿದರು. ಅವಳು ಬಡಿಯುವ ಜೋಳದ ರೊಟ್ಟಿ ಇವತ್ತಿಗೂ ದುಂಡಗೆ ಬರುವುದಿಲ್ಲ, ಒಂದು ಕಡೆ ಮೂಲೆ ಎದ್ದುಬಿಡುತ್ತದೆ. "ಇವತ್ತು ಯಾವ ಜಿಲ್ಲೆ ನಕ್ಷೆ?" ಎಂದು ಭಾವ ತಮಾಷೆ ಮಾಡುತ್ತಾರೆ. ಎಲ್ಲರೂ ನಗುತ್ತಾರೆ, ಅಕ್ಕನೂ ನಗುತ್ತಾಳೆ. ನಾನೂ ನಗುತ್ತೇನೆ, ನಕ್ಕು ಆ ಮೂಲೆಯನ್ನೇ ಮೊದಲು ಮುರಿದು ತಿನ್ನುತ್ತೇನೆ. ನಲವತ್ತು ವರ್ಷ ಆಗುತ್ತ ಬಂತು, ಒಂದು ಮಾತು ಹೇಳಲು ಆಗಿರಲಿಲ್ಲ.

ಗಿರಿಜಕ್ಕನ ಮನೆ ಇರುವುದು ಹರಿಹರದಲ್ಲೇ, ಗೋದಾಮಿನಿಂದ ನಾಲ್ಕು ಓಣಿಯಾಚೆ. ಭಾನುವಾರ ತರಗತಿ ಮುಗಿಸಿ ನನ್ನ ಊಟ ಅಲ್ಲಿಯೇ. ಜೋಕಾಲಿ ಎನ್ನುವ ಮಾತು ನಮ್ಮಿಬ್ಬರ ನಡುವೆ ಬರುವುದೇ ಇಲ್ಲವಾದ್ದರಿಂದ ಇದನ್ನು ಅವಳಿಗೆ ಹೇಗೆ ಹೇಳುವುದು? ಹರಿಹರದಲ್ಲಿ ಒಂದು ಹೊಲಿಗೆಯ ಆರ್ಡರ್ ಸಿಕ್ಕಿದೆ, ಅಳತೆಗೆ ಬರುತ್ತೇನೆ ಎಂದಿದ್ದೆ. ಒಂದು ದಿನ ಬಡಿಸುವಾಗ ಅವಳು ನನ್ನ ತೋಳಿನ ನೀಲಿ ಗುರುತು ನೋಡಿದಳು.

"ಏನೇ ಇದು?"

"ಆರ್ಡರಿಂದು ಅಕ್ಕಾ."

"ಎಂಥ ಆರ್ಡರೇ ಅದು, ಅಳತೆ ಕೊಡ್ತಾರೋ, ಬಡಿದು ಕಳಿಸ್ತಾರೋ?"

ಇನ್ನೊಂದು ರೊಟ್ಟಿ ಹಾಕು ಎಂದು ಮಾತು ಮರೆಸಿದೆ.

ಹೀಗಿರುವಾಗ ರೇಷ್ಮಾ ಒಂದು ಸುದ್ದಿ ತಂದಳು. ಮುಂದಿನ ಭಾನುವಾರ ಎಲ್ಲರ ಮನೆಯವರನ್ನೂ ಕರೆಸಿ, ಕಲಿತದ್ದನ್ನು ತೋರಿಸುವುದು. ನನ್ನ ಪಾಲಿಗೆ ಬಂದದ್ದು ಅದೇ, ತಲೆಕೆಳಗಾಗಿ ಕೈ ಬಿಡುವುದು. "ಬ್ಯಾರೆ ಏನಾದ್ರೂ ಕೊಡವ್ವ, ಕುಚ್ಚಿನ ಬಗ್ಗೆ ಎರಡು ಮಾತಾಡ್ತೀನಿ" ಎಂದು ಬೇಡಿಕೊಂಡೆ. ಅವಳು ಒಪ್ಪಲಿಲ್ಲ. ನಮ್ಮ ಮನೆಯವರಿಗೆ ಹೇಳಿದೆ, ಅಕ್ಕನಿಗೆ ಹೇಳಲಿಲ್ಲ. ಆದರೆ ನಮ್ಮ ಮನೆಯವರು ಕರೆಂಟ್ ಆಫೀಸಿನವರು ಎಂದೆನಲ್ಲ, ತಂತಿ ಎಲ್ಲಿಂದ ಎಲ್ಲಿಗೆ ಎಳೆಯಬೇಕೆಂದು ಅವರಿಗೆ ಗೊತ್ತು.

ಆ ಬೆಳಿಗ್ಗೆ ಗೋದಾಮಿನ ತುಂಬ ಪ್ಲಾಸ್ಟಿಕ್ ಕುರ್ಚಿ. ಹುಡುಗಿಯರು ಒಬ್ಬೊಬ್ಬರಾಗಿ ಹತ್ತಿದರು, ಉರುಳಿದರು, ಚಪ್ಪಾಳೆ ಹೊಡೆಸಿಕೊಂಡರು. ಕೊನೆಗೆ ನನ್ನ ಸರದಿ. ಎರಡು ಸಲ ಜಗ್ಗಿ ನೋಡಿದೆ, ಕೂತೆ, ಹಿಂದಕ್ಕೆ ಬಾಗಿದೆ, ಕಾಲು ಸಿಕ್ಕಿಸಿದೆ. ಲೋಕ ತಲೆಕೆಳಗಾಯಿತು. ಸೂರಿನ ಜಾಗದಲ್ಲಿ ಜನರ ಚಪ್ಪಲಿಗಳು ಬಂದವು. ನಮ್ಮ ಮನೆಯವರ ಬೂಟು ಗುರುತು ಸಿಕ್ಕಿತು. ಅದರ ಪಕ್ಕದಲ್ಲಿ ಒಂದು ಟಿಫಿನ್ ಕ್ಯಾರಿಯರ್, ಆ ಕ್ಯಾರಿಯರಿನ ಹಿಡಿಯ ಮೇಲೆ ಒಂದು ಸೊಟ್ಟ ಮಣಿಕಟ್ಟು.

"ಕೈ ಬಿಡ್ರಿ ಆಂಟಿ" ಎಂದಳು ರೇಷ್ಮಾ.

ಬಿಡಲಿಲ್ಲ. ಇಡೀ ಗೋದಾಮು ಕಾಯಿತು. ನನ್ನ ತಲೆಗೆ ರಕ್ತ ಇಳಿಯುತ್ತಿತ್ತು. ಯಾರೋ ಕೆಮ್ಮಿದರು. ಆ ಸೊಟ್ಟ ಮಣಿಕಟ್ಟು ಕ್ಯಾರಿಯರನ್ನು ಕುರ್ಚಿಯ ಮೇಲಿಟ್ಟು ನನ್ನ ಕಡೆ ನಡೆದುಬಂತು. ಗಿರಿಜಕ್ಕನ ಮುಖ, ಗದ್ದ ಮೇಲೆ ಹಣೆ ಕೆಳಗೆ, ನನ್ನ ಎದುರಿಗೆ ಬಗ್ಗಿತು.

"ಏನಾತೇ ಸುಮಿ?"

ಆಗ ನನ್ನ ಬಾಯಿಂದ ಅದು ಬಂದೇಬಿಟ್ಟಿತು. "ಅಕ್ಕಾ, ಅವತ್ತು ನಿನ್ನ ಕಾಲು ಜಾರಿರಲಿಲ್ಲ."

"ಯಾವತ್ತು?"

"ಪಂಚಮಿ ದಿನ. ನಾನೇ ಹಗ್ಗ ಬಿಟ್ಟು ನಿನ್ನ ಕೈ ಹಿಡಿದು ಜಗ್ಗಿದ್ದು."

"ಗೊತ್ತೈತೆ ಬಿಡು" ಎಂದಳು ಗಿರಿಜಕ್ಕ. "ನನ್ನ ಕೈ, ನನಗ ಗೊತ್ತಾಗಂಗಿಲ್ಲೇನು?"

"ಮತ್ತೆ ಅವ್ವಗೆ ಯಾಕ ಹಂಗ್ ಹೇಳ್ದೆ?"

"ನೀ ಜೇಬಿನ್ಯಾಗಿನ ಉಂಡಿ ಹಿಡ್ಕೊಂಡು ಗಡಗಡ ನಡುಗ್ತಿದ್ದೆ. ಖರೇ ಹೇಳಿದ್ರ ಅಪ್ಪ ನಿನ್ನ ಹೊಡೀತಿದ್ದ." ಅವಳು ಇನ್ನಷ್ಟು ಬಗ್ಗಿ, "ಇಷ್ಟು ವರ್ಷ ಸುಮ್ನಿದ್ದು, ಹೇಳಾಕ ತಲೆಕೆಳಗಾಗಬೇಕಿತ್ತೇನೇ? ಬಿಡು ಈಗ ಕೈ, ಜನ ಕಾಯ್ತಾರೆ" ಎಂದಳು.

ಬಿಟ್ಟೆ. ಮೊದಲು ಬಲಗೈ, ಆಮೇಲೆ ಎಡಗೈ. ಎರಡೂ ತೋಳು ತಾವಾಗಿಯೇ ಕೆಳಗಿಳಿದು ತೂಗಿದವು. ಬೀಳಲಿಲ್ಲ. ಬಟ್ಟೆ ನನ್ನನ್ನು ಸೊಂಟದಲ್ಲಿ ಹಿಡಿದುಕೊಂಡಿತ್ತು, ಕುಚ್ಚುಗಳು ಕಿವಿಗೆ ಕಚಗುಳಿ ಇಡುತ್ತಿದ್ದವು. ಅಳು ಬಂತು. ತಲೆಕೆಳಗಾಗಿ ಅತ್ತರೆ ಕಣ್ಣೀರು ಹಣೆಗೆ ಹೋಗುತ್ತದೆ, ಕೂದಲು ಒದ್ದೆಯಾಗುತ್ತದೆ. ಜನ ಬೆವರು ಎಂದುಕೊಂಡು ಇನ್ನೂ ಜೋರಾಗಿ ಚಪ್ಪಾಳೆ ಹೊಡೆದರು. ನಮ್ಮ ಮನೆಯವರು ಮಾಡಿದ ವಿಡಿಯೋದಲ್ಲಿ ಮೊದಲಿನಿಂದ ಕೊನೆಯವರೆಗೂ ಅವರ ಹೆಬ್ಬೆರಳಿದೆ.

ರೇಷ್ಮಾ ನನ್ನನ್ನು ಹಿಡಿದು ಇಳಿಸಿದಳು. ನಾನು ಇಳಿದ ರಭಸಕ್ಕೆ ಜೋಳಿಗೆ ಆಚೆ ಈಚೆ ಆಡುತ್ತಿತ್ತು. ಹುಡುಗಿಯರು "ಖಾಲಿ, ಖಾಲಿ!" ಎಂದು ಕೂಗಿದರು. ಹಿಡಿದು ನಿಲ್ಲಿಸಲು ನಾನು ತಿರುಗುವಷ್ಟರಲ್ಲಿ ಗಿರಿಜಕ್ಕ ಅದಕ್ಕೆ ಕೈ ಹಾಕಿದ್ದಳು.

"ಖಾಲಿ ತೂಗಬಾರ‍್ದು" ಎಂದಳು. ಎರಡು ಸಲ ಜಗ್ಗಿ ನೋಡಿದಳು. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ರೇಷ್ಮಾಳ ಕಡೆ ನೋಡಿ, "ಕೂಡ್ಲೇನವ್ವ?" ಎಂದಳು.

"ಕೂಡ್ರಿ ಅಕ್ಕಾರೆ, ಎರಡು ಮೂಟೆ ಅಕ್ಕಿ ತಡೆದೈತೆ."

ಗಿರಿಜಕ್ಕ ಕೂತಳು. ಸೊಟ್ಟ ಕೈಯಿಂದ ಒಂದು ಪದರ, ನೆಟ್ಟಗಿದ್ದ ಕೈಯಿಂದ ಇನ್ನೊಂದು ಪದರ ಹಿಡಿದಳು. ತೂಗಬೇಕಲ್ಲ ಎಂದು ನಾನು ಹಿಂದೆ ಹೋಗಿ ನಿಂತೆ. ಅವಳು ತಿರುಗಿ ನೋಡಿದಳು.

"ಅತ್ತಾಗ ಸರಿ. ತೂಗಿಸ್ಕೊಳ್ಳಾಕ ಬಂದಿಲ್ಲ ನಾನು."

ಅವಳು ಕಾಲು ಹಿಂದಕ್ಕೆಳೆದು, ಮುಂದಕ್ಕೆ ಚಾಚಿ ಒಂದು ಸಲ ಜೀಕಿದಳು. ಇನ್ನೊಂದು ಸಲ ಜೀಕಿದಳು. ಕುಚ್ಚುಗಳು ಹಾಸಿಗೆಯನ್ನು ಗುಡಿಸುತ್ತ ಹೋಗಿ ಬಂದವು. ಮೂರನೆಯ ಜೀಕಿಗೆ ಅವಳ ಪಾದ ನನ್ನ ತಲೆಯ ಎತ್ತರಕ್ಕೆ ಬಂತು. ನನ್ನ ಕೈ ತಾನಾಗಿಯೇ ಮುಂದಕ್ಕೆ ಹೋಯಿತು.

"ಸುಮೀ," ಮೇಲಿನಿಂದ ಗಿರಿಜಕ್ಕ ಕೂಗಿದಳು, "ಈ ಸಲ ನನ್ನ ಹಿಡ್ಕೋಬ್ಯಾಡ!"

ನಾನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ.